ಗಂಜಿ ಚರಿಗೆಯ ಬಾಯಿ

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಒಂದು ಅಲ್ಯೂಮಿನಿಯಂ ಚರಿಗೆಯಿದೆ, ಹತ್ತಾರು ಜನರಿಗೆ ಬೇಯಿಸುವಷ್ಟು ದೊಡ್ಡ ಪಾತ್ರೆ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಉಣ್ಣುವುದು ಹೆಚ್ಚು, ಆಡುವುದು ಕಡಿಮೆ ಎನ್ನುವಂಥ ಸಂಭಾವಿತ ನೆಂಟನ ಹಾಗೆ. ಒಳಗೆ ತಿಕ್ಕಿ ತೊಳೆಯಲು ತೋಳು ಬಗ್ಗುವುದಿಲ್ಲ ಎಂಬುದು ನನ್ನ ಹೆಂಡತಿಯ ಹಳೆಯ ದೂರು. ಗುಜರಿಯವನ ಕೂಗು ಬೀದಿಯಲ್ಲಿ ಕೇಳಿದಾಗಲೆಲ್ಲ ಆಕೆ ಅಟ್ಟದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡುತ್ತಾಳೆ. "ಬೇರೆಯವರ ಗಂಡಂದಿರು ಗಲ್ಫಿಂದ ಟೇಪ್‌ರೆಕಾರ್ಡರ್ ತಂದ್ರು. ನೀವು ತಂದದ್ದು ಗಂಜಿ ಚರಿಗೆ!"

ನಿಜವೇ. ಎಂಬತ್ತರ ದಶಕದಲ್ಲಿ ಸೌದಿಯಿಂದ ಮರಳಿದವನ ಪೆಟ್ಟಿಗೆಯಲ್ಲಿ ಅತ್ತರು, ಕಂಬಳಿ, ಮಿರಿಮಿರಿ ಮಿಂಚುವ ಸೀರೆಗಳಿರಬೇಕೆಂದು ಊರೇ ನಿರೀಕ್ಷಿಸುತ್ತಿದ್ದ ಕಾಲವದು. ಬೊಂಬಾಯಿಯ ಕಸ್ಟಮ್ಸ್ ಅಧಿಕಾರಿ ನನ್ನ ಗಂಟು ಬಿಚ್ಚಿಸಿ, ಮಸಿ ಹಿಡಿದ ಈ ಚರಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಚಿನ್ನವಿಲ್ಲವೆಂದು ಖಾತ್ರಿಯಾದ ಮೇಲೆ ಮರುಕದಿಂದ ಬಿಟ್ಟುಕೊಟ್ಟ. ಅವನಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ, ಕೇಳಿ.

ರಿಯಾದಿನ ಬತ್ಹಾದ ಗಲ್ಲಿಯೊಂದರಲ್ಲಿ ನಮ್ಮದೊಂದು ಮೆಸ್ಸಿತ್ತು. ಮಂಗಳೂರು, ಉಡುಪಿ ಕಡೆಯ ಹತ್ತಾರು ಬ್ರಹ್ಮಚಾರಿಗಳು. ಮನೆಯಲ್ಲಿ ಹೆಂಡತಿಯಿದ್ದವರೂ ಅಲ್ಲಿ ಬ್ರಹ್ಮಚಾರಿಗಳೇ. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದ ನಾನು, ಉಳ್ಳಾಲದ ಹಮೀದ್, ಇನ್ನೂ ಕೆಲವರು ಸೇರಿ ಒಂದು ತಂಡ ಕಟ್ಟಿದೆವು. ಶುಕ್ರವಾರಗಳಂದು ಕಂಪೆನಿಗಳ, ಮೆಸ್ಸುಗಳ ತಂಡಗಳ ನಡುವೆ ಪಂದ್ಯಗಳು ನಡೆಯುತ್ತಿದ್ದವು. ಮೇಲಿನ ಸಾಲಿನ ತಂಡಗಳಿಗೆ ಮಾತ್ರ ಈದ್ ರಜೆಯಲ್ಲಿ ದೊಡ್ಡ ಪಂದ್ಯಾವಳಿಯ ಭಾಗ್ಯ.

ಅಭ್ಯಾಸಕ್ಕೆ ಗೋದಾಮಿನ ಹಿಂದೆ ಜಾಗ ಸಿಕ್ಕಿತು, ರಿಂಗ್ ಇರಲಿಲ್ಲ. ಮೆಸ್ಸಿನ ಹಿರಿಯ, ವೆಲ್ಡರ್ ಮೋನಪ್ಪಣ್ಣ, "ನಾನು ಮಾಡಿ ಕೊಡ್ತೇನೆ, ಅಳತೆ ಹೇಳಿ" ಎಂದರು. ಬಂದರಿನ ಕೆಲಸಕ್ಕೆಂದು ಜಿದ್ದಾಕ್ಕೆ ಹೊರಟು ನಿಂತಿದ್ದ ನಾನು ನಮ್ಮ ಬಿರಿಯಾನಿ ಚರಿಗೆಯ ಬಾಯಿ ತೋರಿಸಿ, ಇಷ್ಟಗಲ ಸಾಕೆಂದು ಹೇಳಿ ಬಸ್ಸು ಹತ್ತಿದೆ. ನಮ್ಮವರಿಗೆ ಪಾತ್ರೆಯೇ ಪ್ರಮಾಣ. ಅಕ್ಕಿಗೂ ಅದೇ, ಅತಿಥಿಗೂ ಅದೇ. ಆದರೆ ನಾನು ಹೊರಟ ಮೇಲೆ ಬಿರಿಯಾನಿ ಚರಿಗೆ ಯಾರದೋ ಔತಣಕ್ಕೆಂದು ಬೇರೆ ಮೆಸ್ಸಿಗೆ ಹೋಯಿತು. ಮೋನಪ್ಪಣ್ಣ ಚಿಂತಿಸಲಿಲ್ಲ. ದಿನದ ಕುಚ್ಚಲಕ್ಕಿ ಗಂಜಿಯ ಚರಿಗೆಯನ್ನೇ ಎತ್ತಿಕೊಂಡು ಹೋಗಿ, ಅದರ ಬಾಯಿಯ ಸುತ್ತ ಕಬ್ಬಿಣದ ಸರಳನ್ನು ಬಗ್ಗಿಸಿ, ಬೆಸೆದು, ಕಂಬಕ್ಕೆ ಕೂರಿಸಿ, ಬುಡಕ್ಕೆ ಕಾಂಕ್ರೀಟೂ ಹಾಕಿಬಿಟ್ಟರು. ನಾನು ಮರಳಿ ಬಂದು ನೋಡಿದರೆ, ಚೆಂಡು ಆ ಬಳೆಯೊಳಗೆ ಅಂಚು ಸವರಿಕೊಂಡು, ದಾಕ್ಷಿಣ್ಯಕ್ಕೆಂಬಂತೆ ಇಳಿಯುತ್ತಿತ್ತು.

"ಮೋನಪ್ಪಣ್ಣ, ಇದು ಸಣ್ಣದಾಯ್ತಲ್ಲ!"

"ಎಂತ ಸಣ್ಣ ಮಾರಾಯ್ರೆ? ಚೆಂಡು ಹೋಗ್ತದಲ್ಲ?"

ಹೋಗುತ್ತಿತ್ತು, ಸುಳ್ಳಲ್ಲ, ಆದರೆ ನೆಟ್ಟಗೆ ಮೇಲಿನಿಂದ ಬಿದ್ದರೆ ಮಾತ್ರ. ಓರೆಯಾಗಿ ಎಸೆದ ಚೆಂಡನ್ನು ಆ ರಿಂಗ್ ಸಾಲ ಕೇಳಲು ಬಂದವನನ್ನು ಅಟ್ಟುವ ಹಾಗೆ ಹೊರಗಟ್ಟುತ್ತಿತ್ತು. ಬೇರೆ ಸರಳೂ ಇಲ್ಲ, ಕಾಂಕ್ರೀಟು ಒಡೆಯುವ ಮನಸ್ಸೂ ಇಲ್ಲ. ಗೊಣಗುತ್ತಲೇ ಅದರಲ್ಲೇ ಆಡಿದೆವು. ನೋಡಲು ಬಂದ ಫಿಲಿಪಿನೋ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಯಾರೂ ಹೇಳಿಕೊಡದೆಯೇ ನಮ್ಮೆಲ್ಲರ ಎಸೆತವೂ ಎತ್ತರವಾಗತೊಡಗಿತ್ತು. ಅದು ನಮಗೇ ಗೊತ್ತಾದದ್ದು ತಡವಾಗಿ, ಗೆಲ್ಲತೊಡಗಿದ ಮೇಲೆ.

ಹಾಗೆ ಬಿದ್ದು ಎದ್ದು, ಪಂದ್ಯಾವಳಿಯ ಕೊನೆಯ ಒಂದು ಸ್ಥಾನ ಉಳಿದಾಗ, ಅದಕ್ಕಾಗಿ ಎದುರುಬದುರಾದವರು ಅದೇ ಫಿಲಿಪಿನೋಗಳು ಮತ್ತು ನಾವು. ಅಷ್ಟರಲ್ಲಿ ಕಂಪೆನಿಯಿಂದ ಸುದ್ದಿ ಬಂದಿತ್ತು: ಈದ್ ಕಳೆದೊಡನೆ ಹಮೀದ್ ದೂರದ ಅಲ್ ಖರ್ಜ್ ಪಟ್ಟಣಕ್ಕೆ, ಮೋನಪ್ಪಣ್ಣ ಜಿದ್ದಾಕ್ಕೆ, ನನ್ನ ಕರಾರು ಮುಗಿದು ನಾನು ಊರಿಗೆ, ಮೆಸ್ಸು ಬರಖಾಸ್ತು. ಸೋತರೆ ಅದೇ ನಾವು ಒಟ್ಟಿಗೆ ಆಡುವ ಕಡೆಯ ಆಟ. ಗೆದ್ದರೆ ಈದ್‌ನಲ್ಲಿ ಇನ್ನೊಮ್ಮೆ, ದೊಡ್ಡ ಅಂಗಳದಲ್ಲಿ, ನಮ್ಮೂರ ಹೆಸರು ಹೊತ್ತು ನಿಲ್ಲಬಹುದು. ಆ 'ಇನ್ನೊಮ್ಮೆ'ಗಾಗಿ ನಾವು ಬಹಳ ಹಂಬಲಿಸಿದೆವು.

ಆಟ ಮುಗಿಯುವ ಗಳಿಗೆ. ನಾವು ಒಂದೇ ಅಂಕ ಹಿಂದೆ. ಚೆಂಡು ಹಿಡಿದು ನೆಗೆದ ಹಮೀದ್‌ನನ್ನು ಎದುರಾಳಿ ಕೆಡವಿದ. ಈಜಿಪ್ಟಿನ ರೆಫರಿ ಸೀಟಿ ಊದಿ ಎರಡು ಫ್ರೀ ಥ್ರೋ ಕೊಟ್ಟರು, ಒಂದೊಂದಕ್ಕೂ ಒಂದು ಅಂಕ. ಅದೇ ಕ್ಷಣಕ್ಕೆ ಮಗ್ರಿಬ್ ಬಾಂಗು, ಮುಸ್ಸಂಜೆಯ ನಮಾಜಿನ ಕರೆ, ಕೇಳಿಸಿತು. ಅಲ್ಲಿ ಬಾಂಗು ಆಯಿತೆಂದರೆ ಅಂಗಡಿಯ ಬಾಗಿಲೂ ಮುಚ್ಚಬೇಕು, ಆಟವೂ ನಿಲ್ಲಬೇಕು. ಗೆರೆಯ ಮೇಲೆ ಚೆಂಡಿಟ್ಟು ರೆಫರಿ, ಹಮೀದ್, ನಮ್ಮ ತಂಡದ ಅರ್ಧಕ್ಕರ್ಧ ಜನ ಮಸೀದಿಗೆ ನಡೆದರು.

ಉಳಿದ ನಾವೂ ಅವರೂ ಚೆಂಡಿನ ಸುತ್ತ ಕುಳಿತೆವು. ಎದ್ದು ನಾಲ್ಕು ಸಲ ಎಸೆದು ಕೈ ಬಿಸಿಮಾಡಿಕೊಳ್ಳಬೇಡಿ ಎನ್ನಲು ಯಾರೂ ಇರಲಿಲ್ಲ. ಆದರೂ ಒಬ್ಬನೂ ಚೆಂಡು ಮುಟ್ಟಲಿಲ್ಲ. ಹಮೀದ್‌ನನ್ನು ಕೆಡವಿದ್ದ ಹುಡುಗನೇ ತನ್ನ ಫ್ಲಾಸ್ಕಿನ ಚಹಾ ನನಗೆ ಬಗ್ಗಿಸಿ, "ಗುಡ್ ಗೇಮ್, ಸದೀಕ್" ಎಂದ. ಅರಬಿಯಲ್ಲಿ ಗೆಳೆಯ ಎಂದರ್ಥ. ಗೆಲುವಿಗಿಂತ ಆ ಅರ್ಧ ಗಂಟೆಯ ಬಗ್ಗೆ ನನಗೆ ಹೆಚ್ಚು ಹೆಮ್ಮೆ, ಎಂದು ಹೇಳಿದರೆ ನೀವು ನಂಬಲಾರಿರಿ. ಆದರೆ ಲೋಕದ ಎಷ್ಟೋ ಅಂಗಳಗಳಲ್ಲಿ, ಕಾಯುವವನಿಲ್ಲದ ಚೆಂಡು ಹಾಗೆ ಇಟ್ಟಲ್ಲೇ ಇದ್ದುದನ್ನು ನಾನಂತೂ ಮತ್ತೆ ಕಂಡಿಲ್ಲ.

ಹಮೀದ್ ಮರಳಿದಾಗ ಮುಖ ಬಾಡಿತ್ತು. "ಮೋನಪ್ಪಣ್ಣ, ಕೈಯೆಲ್ಲ ತಣ್ಣಗಾಗಿದೆ. ಎಂತ ಮಾಡುದು?"

"ಎಂತ ಮಾಡ್ಲಿಕ್ಕುಂಟು? ನಮ್ಮ ಗಂಜಿ ಚರಿಗೆಗೆ ಹಾಕಿದವ ನೀನು. ಇದು ಬಾವಿ ಮಾರಾಯ, ಬಾವಿ!"

ಹಮೀದ್ ನಕ್ಕ. ಮೊದಲ ಚೆಂಡು ನಮ್ಮ ರಿಂಗ್ ಕಲಿಸಿದ ಎತ್ತರಕ್ಕೇ ಏರಿ, ನೆಟ್ಟಗೆ ಇಳಿದು, ಅಂಚು ಸೋಕದೆ ಒಳಗೆ ಬಿತ್ತು. ಎರಡನೆಯದೂ ಅದೇ ದಾರಿ ಹಿಡಿಯಿತು. ಮೋನಪ್ಪಣ್ಣ ಯಾರನ್ನೂ ಅಪ್ಪಿಕೊಳ್ಳಲಿಲ್ಲ, ನನ್ನತ್ತ ತಿರುಗಿ, "ಅಳತೆ ಸರಿ ಇತ್ತಲ್ಲ?" ಎಂದರು.

ಈದ್‌ನ ಪಂದ್ಯಾವಳಿಯ ಮೊದಲ ಆಟದಲ್ಲೇ ನಾವು ಚೆನ್ನಾಗಿ ಸೋತೆವು. ಬೇಸರವಾಗಲಿಲ್ಲ, 'ಮಂಗಳೂರು' ಎಂದು ಧ್ವನಿವರ್ಧಕದಲ್ಲಿ ಕೂಗಿದಾಗ ಎದೆಯುಬ್ಬಿಸಿ ಓಡಿದ್ದೆವಲ್ಲ, ಅದು ಸಾಕಾಗಿತ್ತು. ಮೆಸ್ಸಿನ ಪಾತ್ರೆಗಳನ್ನು ಹಂಚಿಕೊಳ್ಳುವಾಗ ಎಲ್ಲರೂ ಬಿರಿಯಾನಿ ಚರಿಗೆಗೆ ಕೈಚಾಚಿದರು. ನಾನು ಇದನ್ನು ಕೇಳಿ ಪಡೆದೆ.

ಬದುಕಿನಲ್ಲಿ ನಮಗೆ ಸಿಕ್ಕ ಬಾಯಿಗಳೆಲ್ಲ ಸಣ್ಣವೇ ಎಂದು ಗೊಣಗಿದವನು ನಾನು: ಸಣ್ಣ ಕೋಣೆ, ಸಣ್ಣ ರಜೆ, ಸಣ್ಣ ಕೆಲಸ. ಈಗ ಅಷ್ಟು ಗೊಣಗುವುದಿಲ್ಲ. ಎತ್ತರಕ್ಕೆ ಎಸೆಯುವುದನ್ನು ಕಲಿತದ್ದು ಎಲ್ಲಿ ಎಂಬುದು ನೆನಪಿದೆ.

ಕಳೆದ ಭಾನುವಾರ ಹಮೀದ್ ತಲೆ ನರೆತ ಮೋನಪ್ಪಣ್ಣನನ್ನು ಕರೆದುಕೊಂಡು ಮನೆಗೆ ಬಂದಿದ್ದ. ಈ ಕಥೆಯನ್ನು ಅವರ ಬಾಯಿಂದ ಮತ್ತೊಮ್ಮೆ ಕೇಳಿದ ಹೆಂಡತಿ, ಚರಿಗೆಯನ್ನು ತಾನೇ ಅಟ್ಟದಿಂದ ಇಳಿಸಿ, ಹುಣಸೆಹುಳಿ ಹಾಕಿ ಉಜ್ಜಿ, ಗಂಜಿಗಿಟ್ಟಳು. ಬಡಿಸುವಾಗ ಮಾತ್ರ ತಡೆಯಲಾಗಲಿಲ್ಲ: "ನೀವೇ ಹೇಳಿ ಮೋನಪ್ಪಣ್ಣ, ಇದರ ಬಾಯಿ ಸಣ್ಣದಲ್ವಾ?"

ಮೋನಪ್ಪಣ್ಣ ಬಟ್ಟಲು ಮುಂದಕ್ಕೆ ಚಾಚಿದರು.

"ಎಂತ ಸಣ್ಣ, ಅಕ್ಕ? ಸೌಟು ಹೋಗ್ತದಲ್ಲ?"