ವಿಲಾಯಿತಿ ಬೀಗಕ್ಕೆ ಇನ್ನೊಂದು ಕೈ

ಹೊತ್ತಿಗೆ ಸರಿಯಾಗಿ ತೆರೆಯದ ಬಾಗಿಲ ಮುಂದೆ ನಿಂತು ಕಾಯುವುದು ನನಗೆ ಎಂದೂ ಒಗ್ಗಲಿಲ್ಲ. ಈಗಲೂ ಒಗ್ಗುವುದಿಲ್ಲ.

ನಾನು ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ. ಮೈನೆರೆಯುವ ಮೊದಲೇ ಗಂಡ ತೀರಿಕೊಂಡ. ನಮ್ಮಪ್ಪ ಬಂಧುಗಳ ಬೈಗುಳಕ್ಕೆ ಕಿವಿಗೊಡದೆ ನನ್ನನ್ನು ಮೈಸೂರಿಗೆ ಕಳಿಸಿ ಓದಿಸಿದ. ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ, ದೀಪ ಆರಿಸುವುದಕ್ಕೊಂದು ಗಂಟೆ. ಜೊತೆಯ ಹುಡುಗಿಯರು ಅತ್ತರು. ನನಗೆ ಅದು ಹಿಡಿಸಿತು. ಊರಲ್ಲಿ ನಾನು ಎದುರು ಬಂದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಗಂಟೆಗೆ ಅಂಥ ಭೇದವಿರಲಿಲ್ಲ. ಹೊಡೆದರೆ ಮುತ್ತೈದೆಯೂ ಏಳಬೇಕು, ವಿಧವೆಯೂ ಏಳಬೇಕು.

ಇಪ್ಪತ್ತನೇ ಶತಮಾನ ಹುಟ್ಟಿ ಕೆಲವೇ ವರ್ಷಗಳಾಗಿದ್ದಾಗ ನನ್ನನ್ನು ಚಳ್ಳಕೆರೆಯ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ಶಾಲೆಯೆಂದರೆ ಪೇಟೆಯ ಅಂಚಿನ ಹಳೇ ಛತ್ರದ ಒಂದು ಕೋಣೆ. ಒಳಗಿದ್ದದ್ದು ಕರಿಹಲಗೆ, ಈಚಲು ಚಾಪೆಗಳು, ಮೂಲೆ ಹರಿದ ಭೂಪಟ. ಇವನ್ನು ಕಾಯುವುದಕ್ಕೆ ಬಾಗಿಲ ಮೇಲೆ ತೆಂಗಿನಕಾಯಿಯಷ್ಟು ದಪ್ಪದ ವಿಲಾಯಿತಿ ಬೀಗ.

ಆ ಬೀಗವೂ ನನ್ನಂತೆ ಮೊಳಕಾಲ್ಮೂರಿನಿಂದ ಬಂದದ್ದೇ. ಅಲ್ಲಿನ ರೇಷ್ಮೆ ವ್ಯಾಪಾರಿಯೊಬ್ಬ ಗೋದಾಮು ಮುಚ್ಚಿದಾಗ, ನಮ್ಮ ಶಾಲಾ ಸಮಿತಿಯ ಯಜಮಾನರು ಅದನ್ನು ಹಳೇ ಸಾಮಾನಿನ ಜೊತೆ ಊರವರ ಚಂದಾ ದುಡ್ಡಿನಲ್ಲಿ ಕೊಂಡು ತಂದಿದ್ದರಂತೆ. ಅವರು ಎಣ್ಣೆ ಗಾಣದ ಒಡೆಯರು, ಊರಿಗೆ ಹಿರಿಯರು. ಬೀಗದ ಜೊತೆ ಬಂದದ್ದು ಒಂದೇ ಕೀಲಿಕೈ. ಅದು ಸದಾ ಅವರ ಉಡಿದಾರದಲ್ಲಿ ತೂಗುತ್ತಿತ್ತು. ಬೆಳಿಗ್ಗೆ ಅವರೇ ಬಂದು ತೆಗೆಯಬೇಕು, ಸಂಜೆ ಅವರೇ ಬಂದು ಹಾಕಬೇಕು.

ಸಂಜೆ ಸರಿಯಾಗಿ ಬರುತ್ತಿದ್ದರು. ಬೆಳಿಗ್ಗೆ ಮಾತ್ರ ಪೂಜೆ ಮುಗಿಯಬೇಕು, ಫಲಾಹಾರವಾಗಬೇಕು, ಗಾಣಕ್ಕೆ ಎತ್ತು ಕಟ್ಟಿದ್ದನ್ನು ನೋಡಬೇಕು. ನಾನು ಜಗಲಿಯ ಮೇಲೆ ನಿಂತು ಹತ್ತಕ್ಕೆ ಗಂಟೆ ಹೊಡೆಯುತ್ತಿದ್ದೆ. ಹುಡುಗಿಯರು ಬೀದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಸಂತೆಗೆ ಹೋಗುವ ಗಾಡಿಯವರು, ಕಂಬಳಿ ಹೊತ್ತವರು, ಕೆಲಸವಿಲ್ಲದ ಪಡ್ಡೆಗಳು ಅವರನ್ನು ನೋಡಿಕೊಂಡು, ಮಾತು ಎಸೆದುಕೊಂಡು ಹೋಗುತ್ತಿದ್ದರು.

ಯಜಮಾನರನ್ನು ಕೇಳಿದೆ. ಮೆತ್ತಗೇ ಕೇಳಿದೆ.

“ಯಜಮಾನ್ರೇ, ಇನ್ನೊಂದು ಕೈ ಮಾಡಿಸಿ ನನ್ನ ಹತ್ರ ಕೊಡ್ರಿ. ನಿಮಗೂ ದಿನಾ ಬರೋದು ತಪ್ತೈತೆ.”

“ಇನ್ನೊಂದು ಮಾಡ್ಸಿದ್ರೆ ಅದು ಬೀಗ ಹೆಂಗಾಯ್ತಮ್ಮ? ಬಾಗ್ಲಿಗೆ ಹಗ್ಗ ಕಟ್ಟಿದಂಗಾಯ್ತು,” ಎಂದರು. ಆಮೇಲೆ ನನ್ನ ಬೋಳು ಕೈಗಳನ್ನು ನೋಡಿ, “ಬೀಗದ ಕೈ ಇಟ್ಕಳ್ಳೋ ಕೈ ಬೇರೆ ಐತೆ ಬಿಡು,” ಎಂದರು.

ಆ ಮಾತನ್ನು ನಾನು ಮರೆಯಲಿಲ್ಲ. ಆದರೆ ಅದಕ್ಕಾಗಿಯೇ ಹಟ ಹಿಡಿದೆ ಎಂದರೆ ಸುಳ್ಳಾಗುತ್ತದೆ. ಹಟ ಹಿಡಿದದ್ದು ಕಂಬಳಿ ನೇಯುವವನೊಬ್ಬ ಬಂದು ಸಾಲಿನಲ್ಲಿ ನಿಂತಿದ್ದ ಮಗಳ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದ ದಿನ. ಓದಿನಲ್ಲಿ ಬಲು ಚುರುಕಾದ ಹುಡುಗಿ ಅದು.

“ಓದಕ್ಕೆ ಅಂತ ಕಳ್ಸಿದ್ದು ಕಣವ್ವಾ,” ಎಂದ ಅವನು. “ಬೀದೀಲಿ ನಿಲ್ಸಕ್ಕಲ್ಲ. ಒಳಗೆ ಕೂರ್ಸೋದಾದ್ರೆ ಹೇಳು, ಕಳಿಸ್ತೀನಿ.”

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಕೇಳಿದ್ದು ನ್ಯಾಯವಾಗಿತ್ತು. ಒಬ್ಬಳು ಹೋದಳೆಂದರೆ ಅವಳ ಹಿಂದೆ ಅದೇ ಕೇರಿಯ ಮಿಕ್ಕವರು ಹೋಗುತ್ತಾರೆ, ಮಕ್ಕಳಿಲ್ಲದ ಶಾಲೆಯನ್ನು ಸರ್ಕಾರ ಮುಚ್ಚುತ್ತದೆ. ಯಜಮಾನರ ಉಡಿದಾರದಲ್ಲಿ ತೂಗುತ್ತಿದ್ದದ್ದು ಇಡೀ ಶಾಲೆ.

ಆಯುಧಪೂಜೆ ಬಂತು. ಆ ದಿನ ಸಲಕರಣೆಗಳನ್ನೆಲ್ಲ ದೇವರ ಮುಂದಿಟ್ಟು, ಮಾರನೆಯ ದಿನದ ಮರುಪೂಜೆಯವರೆಗೆ ಯಾರೂ ಮುಟ್ಟಬಾರದು. ಗಾಣದ ನೊಗ, ನೇಕಾರರ ಲಾಳಿ, ನಮ್ಮ ಪುಸ್ತಕ, ಎಲ್ಲಕ್ಕೂ ಅದೇ ಕಟ್ಟು. ಯಜಮಾನರು ಮಡಿಯುಟ್ಟು ಬಂದು ತಮ್ಮ ವಿಲಾಯಿತಿ ಬೀಗವನ್ನೂ ಶಾಲೆಯ ಸರಸ್ವತಿಯ ಮುಂದೆ ತಟ್ಟೆಯಲ್ಲಿಟ್ಟರು. ಕೈ ಇಲ್ಲದ ಬೀಗಕ್ಕೆ ಪೂಜೆ ಸಲ್ಲುವುದೆ? ಉಡಿದಾರ ಬಿಚ್ಚಿ ಅದನ್ನೂ ಪಕ್ಕಕ್ಕಿಟ್ಟು ಕುಂಕುಮ ಹಚ್ಚಿದರು. ಮಂಗಳಾರತಿಯಾಯಿತು. “ನಾಳೆ ಬೆಳಿಗ್ಗೆವರ್ಗೂ ಬಾಗ್ಲು ನೋಡ್ಕಳಮ್ಮ,” ಎಂದು ಹೇಳಿ ಹೋಳಿಗೆ ಊಟಕ್ಕೆ ಮನೆಗೆ ಹೋದರು.

ತಟ್ಟೆಯಲ್ಲಿ ಬೀಗ, ಕೈ ಎರಡೂ ಒಟ್ಟಿಗೆ ಇದ್ದವು. ಊರಿನ ಕಮ್ಮಾರರು, ಬಡಗಿಗಳು ಯಾರೂ ಅಂದು ಕೆಲಸ ಮುಟ್ಟುವುದಿಲ್ಲ. ಆದರೆ ಪೇಟೆಯಲ್ಲಿ ಲಾಟೀನು, ಬೀಗ ರಿಪೇರಿ ಮಾಡುವ ಸಾಬರ ಅಂಗಡಿ ತೆರೆದಿತ್ತು. ಹುಡುಗಿಯರನ್ನು ಮಂಡಕ್ಕಿ ಬೆಲ್ಲ ತಿನ್ನಲು ಕೂರಿಸಿ, ನಾನು ತಟ್ಟೆಯನ್ನೇ ಎತ್ತಿಕೊಂಡು ಹೊರಟೆ. ಬೀಗದ ಮೇಲಿನ ದಾಸವಾಳವನ್ನು ತೆಗೆಯಲಿಲ್ಲ.

ಸಾಬರು ತಟ್ಟೆ ನೋಡಿ ನಕ್ಕರು. “ಏನಮ್ಮಾರೇ, ನಮ್ಮಂಗ್ಡೀಗೂ ಪೂಜೆ ತಂದ್ರಾ? ಇವತ್ತು ನಿಮ್ಮೋರು ಇದ್ನೆಲ್ಲ ಮುಟ್ಟಂಗಿಲ್ಲ ಅಲ್ವಾ?”

“ನಾನೆಲ್ಲಿ ಮುಟ್ಟಿದೀನಿ? ತಟ್ಟೆ ಹಿಡ್ಕಂಡ್ ಬಂದೆ. ಮುಟ್ಟೋರು ನೀವು.”

ಅವರು ಬೀಗವನ್ನು ಕಿವಿಯ ಬಳಿ ಹಿಡಿದು ಕೈ ತಿರುಗಿಸಿ ನೋಡಿದರು. “ಭಲೇ ಮಾಲು. ಒಳಗೆ ಹಿತ್ತಾಳೆ ಪಟ್ಟಿ ಒಂದ್ರ ಮೇಲೊಂದು ಐತೆ. ಒಂದೊಂದನ್ನೂ ಅದರದರ ಮಟ್ಟಕ್ಕೇ ಎತ್ತಬೇಕು. ಹೆಚ್ಚು ಎತ್ತಿದ್ರೆ ಹಟ ಹಿಡಿದು ಕೂತ್ಬಿಡ್ತೈತೆ. ಇರ್ಲಿ. ಮಾಲೀಕ್ ಯಾರು?”

“ಶಾಲೆದು.”

“ಶಾಲೆ ಬಂದು ಬೀಗ ತೆಗೀತೈತಾ? ಮಾಲೀಕ್ ಕಣ್ಮುಂದೆ ಇಲ್ದೆ ನಾನು ಚಾವಿ ಮಾಡಲ್ಲ ಅಮ್ಮಾರೇ. ನಮ್ಮ ಅಬ್ಬಾ ಕಾಲದ ಕಾಯ್ದೆ. ನಾಳೆ ಕಳ್ತನ ಆದ್ರೆ ಮೊದ್ಲು ಹಿಡಿಯೋದು ನನ್ನ ಗಡ್ಡ.”

“ಯಜಮಾನ್ರು ಬರಲ್ಲ.”

“ಅವರದಾ ಬೀಗ?”

“ಊರೋರು ಎತ್ತಿದ ದುಡ್ಡಲ್ಲಿ ತಂದಿದ್ದು. ಹೆಣ್ಮಕ್ಕಳ ಶಾಲೆಗೆ ಅಂತ ತಂದಿದ್ದು.”

“ಹಂಗಾದ್ರೆ ಹೆಣ್ಮಕ್ಕಳನ್ನೇ ಕರ್ಕಂಬರ್ರಿ.” ಅವರು ಮಾತು ಮುಗಿಸುವುದಕ್ಕೆ ಹಾಗೆಂದರು. ಬೀಗವನ್ನು ತಟ್ಟೆಗೆ ಹಾಕಿ, ಪಕ್ಕದಲ್ಲಿದ್ದ ಲಾಟೀನು ಎತ್ತಿಕೊಂಡರು.

ನಾನು ತಟ್ಟೆಯನ್ನು ಅಲ್ಲೇ ಬಿಟ್ಟು ಶಾಲೆಗೆ ಬಂದು ಗಂಟೆ ಹೊಡೆದೆ. ಹುಡುಗಿಯರು ಮಂಡಕ್ಕಿ ಕೊಡವಿಕೊಂಡು ಸಾಲು ನಿಂತರು. ದಿನವೂ ಬೀದಿಯಲ್ಲಿ ನಿಂತು ನಿಂತು ಸಾಲು ನಿಲ್ಲುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಿಕ್ಕವರು ಮುಂದೆ, ದೊಡ್ಡವರು ಹಿಂದೆ, ಪೇಟೆಯ ನಡುವೆ ನಡೆಸಿಕೊಂಡು ಹೋದೆ. ದಾರಿಯಲ್ಲಿ ಕಂಬಳಿ ಕೇರಿಗೆ ತಿರುಗಿ, ಮನೆಯಲ್ಲಿ ಉಳಿದಿದ್ದ ಆ ಹುಡುಗಿಯನ್ನೂ ಕೂಗಿದೆ. ಅವರಪ್ಪ ಹಿತ್ತಿಲಿಂದ ಬಂದು ನೋಡಿದ, ಬೇಡ ಎನ್ನಲಿಲ್ಲ.

ಸಾಬರು ಲಾಟೀನು ಕೆಳಗಿಟ್ಟರು. ಅಂಗಡಿಯ ಮುಂದೆ ಬೀದಿ ತುಂಬಿತ್ತು.

“ಯಾ ಅಲ್ಲಾ,” ಎಂದರು ಮೆಲ್ಲಗೆ. “ಇಷ್ಟೊಂದು ಮಾಲೀಕರಾ?”

“ಕೇಳ್ರಿ, ಯಾರನ್ನ ಬೇಕಾದ್ರೂ.”

ಮುಂದೆ ನಿಂತಿದ್ದ ಮೂಗುಬೊಟ್ಟಿನ ಚಿಕ್ಕವಳನ್ನು ಕೇಳಿದರು. “ಏ ಬೇಟಿ, ಈ ಬೀಗ ಯಾರ್ದು?”

“ನಮ್ದು,” ಎಂದಳು. “ಜಲ್ದಿ ಮಾಡಜ್ಜ, ಬಿಸ್ಲು.”

ಅವರು ಅಜ್ಜನಾಗುವ ವಯಸ್ಸಿನವರಲ್ಲ. ಗಡ್ಡ ತುರಿಸಿಕೊಂಡು ಅರ ಹುಡುಕಿದರು.

ಇನ್ನೂ ಹಲ್ಲು ಕೊರೆಯದ ಕಬ್ಬಿಣದ ಕೈಯೊಂದನ್ನು, ಗುರುತು ಮೂಡಲೆಂದು ದೀಪದ ಹೊಗೆಗೆ ಹಿಡಿದು ಕರಿ ಮಾಡಿ, ಹಳೆಯ ಕೈಯನ್ನು ಪಕ್ಕಕ್ಕಿಟ್ಟು ಅರದಲ್ಲಿ ಉಜ್ಜಿ ಹಲ್ಲು ಮೂಡಿಸತೊಡಗಿದರು. ಮೊದಲ ಸಲ ಹಾಕಿ ತಿರುಗಿಸಿದಾಗ ಬೀಗ ಟಕ್ಕೆಂದು ಹಿಡಿದುಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಪೂಜೆಗಿಟ್ಟ ಬೀಗವನ್ನು ಹಾಳು ಮಾಡಿ ತಂದರೆ ಊರು ನನ್ನನ್ನು ಶಾಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಸಾಬರು ಬೈದುಕೊಂಡು ಹೊಸದನ್ನು ಎಳೆದು, ಹಳೆಯ ಕೈಯನ್ನು ಹಾಕಿ ಉಲ್ಟಾ ತಿರುಗಿಸಿದರು. ಬೀಗ ಬಿಟ್ಟಿತು. ಮತ್ತೆ ಉಜ್ಜಿದರು. ಇನ್ನೊಂದು ಸಲ ಹಾಕಿದಾಗ ಅದು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಹುಡುಗಿಯರು ಒಬ್ಬೊಬ್ಬರೂ ಬಂದು ತಿರುಗಿಸಿ ನೋಡಿದ ಮೇಲೆಯೇ ಅಲ್ಲಿಂದ ಕದಲಿದ್ದು.

ಹೊಸ ಕೈಯನ್ನು ಸೆರಗಲ್ಲಿ ಗಂಟು ಹಾಕಿಕೊಂಡು ಸುಮ್ಮನಿರಬಹುದಿತ್ತು. ಚಳ್ಳಕೆರೆಯಲ್ಲಿ ನನ್ನ ಜೊತೆಗೇ ಇದ್ದ ನಮ್ಮವ್ವ ಅದನ್ನೇ ಹೇಳಿದಳು. “ಊರ್ಕೋ ಅಮ್ಮಾ, ಸುಮ್ಕಿರು, ಹೇಳಬ್ಯಾಡ ಯಾರಿಗೂ,” ಎಂದು ತೆಲುಗು ಬೆರೆಸಿ ಅಂಗಲಾಚಿದಳು. ಕದ್ದು ಇಟ್ಟುಕೊಂಡರೆ ನಾನು ಕಳ್ಳಿಯಾಗುತ್ತೇನೆ. ನಾನು ಕಳ್ಳಿಯಾಗಲು ಸಿದ್ಧಳಿರಲಿಲ್ಲ. ತಟ್ಟೆಯಲ್ಲಿ ಹಳೆಯದರ ಪಕ್ಕ ಹೊಸದನ್ನು ಇಟ್ಟು, ಅದಕ್ಕೂ ಕುಂಕುಮ ಹಚ್ಚಿದೆ.

ಬೆಳಿಗ್ಗೆ ಮರುಪೂಜೆಗೆ ಬಂದ ಯಜಮಾನರು ಆರತಿ ಹಿಡಿದವರು ಹಾಗೇ ನಿಂತರು.

“ಇದೇನಮ್ಮ?”

“ಶಾಲೆ ಬೀಗದ ಕೈ. ನಿನ್ನೆ ಮಾಡಿಸಿದೆ.”

“ಯಾರನ್ನ ಕೇಳಿ?”

“ಮಕ್ಕಳನ್ನ ಕೇಳಿ. ಪೇಟೆಯೋರೆಲ್ಲ ನೋಡಿದಾರೆ.”

ಅವರು ಆರತಿ ಕೆಳಗಿಟ್ಟರು. ಎರಡನ್ನೂ ಉಡಿದಾರಕ್ಕೆ ಕಟ್ಟಿಕೊಂಡರು. “ಇನ್ಮೇಲೆ ಎರಡೂ ನನ್ನ ಹತ್ರಾನೇ ಇರ್ತವೆ. ಆಯ್ತಾ?” ಎಂದು ಹೊರಟರು.

ರಜೆ ಮುಗಿದು ಶಾಲೆ ತೆರೆಯುವ ದಿನ ನಾನು ಛತ್ರದ ಬೀಗದ ಮುಂದೆ ನಿಲ್ಲಲಿಲ್ಲ. ಗಂಟೆಯನ್ನು ಬಿಚ್ಚಿಕೊಂಡು, ಮಕ್ಕಳನ್ನು ಕರೆದುಕೊಂಡು ಯಜಮಾನರ ಮನೆಗೇ ಹೋದೆ. ಅವರ ಜಗಲಿ ದೊಡ್ಡದು, ಸಾರಿಸಿ ರಂಗೋಲಿ ಹಾಕಿತ್ತು. ರಂಗೋಲಿ ತುಳಿಯದಂತೆ ಸಾಲಾಗಿ ಕೂರಿಸಿ, ಹತ್ತಕ್ಕೆ ಗಂಟೆ ಹೊಡೆದು, ಮಗ್ಗಿ ಶುರು ಮಾಡಿಸಿದೆ. ದೊಡ್ಡವರು ಹೇಳಿದ್ದನ್ನು ಚಿಕ್ಕವರು ಕಿರುಚಿ ಹೇಳುವುದು ನಮ್ಮ ಪದ್ಧತಿ. ಗಾಣದ ಎತ್ತು ಬೆಚ್ಚಿ ನಿಂತುಬಿಟ್ಟಿತು. ಎಣ್ಣೆಗೆ ಬಂದವರು ಗಡಿಗೆ ಕೆಳಗಿಟ್ಟು ನೋಡಿದರು.

ಒಳಗೆ ಪೂಜೆಯ ಗಂಟೆ, ಹೊರಗೆ ಮಗ್ಗಿ. ಒಳಗಿನದು ಒಂದೆರಡು ಸಲ ತಡವರಿಸಿ ನಿಂತಿತು. ಯಜಮಾನರು ಒದ್ದೆ ಪಂಚೆಯಲ್ಲೇ ಬಾಗಿಲಿಗೆ ಬಂದರು.

“ಏನಮ್ಮಾ ಇದು ಅನ್ಯಾಯ? ದೇವರ ಮುಂದೆ ಕೂತಿದೀನಿ ನಾನು.”

“ಕೂತ್ಕಳ್ರಿ ಯಜಮಾನ್ರೇ, ನಿಧಾನವಾಗಿ ಮುಗಿಸ್ರಿ. ನಮಗೆ ನೆರಳೈತೆ.”

“ದಿನಾ ಹಿಂಗೇ ಬರ್ತೀಯೇನು?”

“ಹತ್ತಕ್ಕೆ ಶಾಲೆ. ಎಲ್ಲಿ ಬಾಗಿಲು ತೆಗೆದಿರ್ತೈತೋ ಅಲ್ಲಿ.”

ಗಡಿಗೆಯವರಲ್ಲಿ ಯಾರೋ ನಕ್ಕರು. ಮಕ್ಕಳು ಮಗ್ಗಿ ನಿಲ್ಲಿಸಲಿಲ್ಲ. ನಿಲ್ಲಿಸಿ ಎಂದು ನಾನು ಹೇಳಿರಲಿಲ್ಲ. ಯಜಮಾನರು ಎತ್ತನ್ನು ನೋಡಿದರು, ಗಿರಾಕಿಗಳನ್ನು ನೋಡಿದರು, ಮಕ್ಕಳನ್ನು ನೋಡಿದರು. ನನ್ನ ಕೈಗಳನ್ನು ಮಾತ್ರ ನೋಡಲಿಲ್ಲ. ಉಡಿದಾರದಿಂದ ಒಂದನ್ನು ಬಿಚ್ಚಿ ಜಗಲಿಯ ಕಂಬದ ಪಕ್ಕ ಇಟ್ಟರು.

“ಇದಲ್ಲ, ಹೊಸದು ಕೊಡ್ರಿ,” ಎಂದೆ. “ಅದು ನಮ್ಮದು.”

ಕೊಟ್ಟರು. ಆ ಸಂಜೆಯೇ ಕಂಬಳಿ ನೇಯುವವನ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು ಅದನ್ನು ಎತ್ತಿ ತೋರಿಸಿದೆ. ಮರುದಿನ ಅವನ ಮಗಳು ಎಲ್ಲರಿಗಿಂತ ಮೊದಲು ಬಂದಳು. ಬೀಗವನ್ನು ಅವಳ ಕೈಯಿಂದಲೇ ತೆಗೆಸಿದೆ.

ಚಳ್ಳಕೆರೆಯಲ್ಲಿದ್ದಷ್ಟೂ ಕಾಲ ಆ ಕೈ ನನ್ನ ಸೊಂಟದಲ್ಲಿ, ಎಲ್ಲರಿಗೂ ಕಾಣುವಂತೆ ತೂಗುತ್ತಿತ್ತು. ವರ್ಗವಾಗಿ ಮೊಳಕಾಲ್ಮೂರಿಗೆ ಹೊರಟ ದಿನ ಯಜಮಾನರು ಅದನ್ನು ಇಸಿದುಕೊಳ್ಳಲು ಆಳನ್ನು ಕಳಿಸಿದ್ದರು. ಬರಲಿರುವ ಉಪಾಧ್ಯಾಯಿನಿಗೆ ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಅವಳು ಬರುವವರೆಗೆ ಗಾಡಿ ಹತ್ತಲಿಲ್ಲ.