ಮಿಂಚುಳ್ಳಿಯ ಪೂರ್ತಿ ಫೋಟೊ

ಬಕ್ಕೇಶನಷ್ಟು ಪುಕ್ಕಲು ಮನುಷ್ಯ ದಾವಣಗೆರೆಯಲ್ಲಿ ಇನ್ನೊಬ್ಬ ಇರಲಾರ. ರಸ್ತೆ ದಾಟಬೇಕಾದರೆ ಯಾರಾದರೂ ದಾಟುವವರೆಗೆ ಕಾದು ಅವರ ಬೆನ್ನಿಗೆ ಸೇರಿಕೊಳ್ಳುವವನು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅದು ತಾನಾಗಿ ನಿಲ್ಲುವತನಕ ನೋಡುತ್ತ ಕೂರುವವನು. ಸರಸ್ವತಿ ನಗರದ ಮನೆಯಲ್ಲಿ ಹಲ್ಲಿ ಓಡಿಸುವ ಕೆಲಸ ಹೆಂಡತಿ ಲಕ್ಷ್ಮೀದೇವಿಯದು. ಬ್ಲೌಸ್ ಪೀಸು, ಫಾಲು, ಲೈನಿಂಗ್ ಬಟ್ಟೆ ಮಾರುವ ಅವನ ಮ್ಯಾಚಿಂಗ್ ಸೆಂಟರಿನಲ್ಲಿ ಗಿರಾಕಿ ಒಂಚೂರು ದನಿ ಎತ್ತಿದರೆ ಸಾಕು, ತಪ್ಪು ಯಾರದೇ ಇರಲಿ, ಬಟ್ಟೆ ಬದಲಾಯಿಸಿ ಕೊಟ್ಟು ಕೈಮುಗಿಯುತ್ತಿದ್ದ.

ಇಂಥವನಿಗೆ ಹಕ್ಕಿ ಫೋಟೊದ ಹುಚ್ಚು ಹೇಗೆ ಹಿಡಿಯಿತೋ. ತನಗಿಂತ ಹೆಚ್ಚು ಹೆದರುವ ಜೀವ ಕಂಡು ಸಮಾಧಾನವಾಗಿರಬೇಕು. ಕ್ಯಾಮೆರಾ ಕಣ್ಣಿಗೆ ಹಿಡಿದನೆಂದರೆ ಮಾತ್ರ ಅವನು ಬೇರೆಯೇ ಮನುಷ್ಯ. ಭಾನುವಾರ ಬೆಳಿಗ್ಗೆ ಹರಿಹರಕ್ಕೆ ಹೋಗಿ, ಮೀನು ಹಿಡಿಯುವ ಮಲ್ಲೇಶಪ್ಪನ ತೆಪ್ಪ ಹತ್ತುತ್ತಿದ್ದ. ಬಿದಿರಿನಲ್ಲಿ ಹೆಣೆದ ಆ ದುಂಡನೆಯ ಬುಟ್ಟಿಯಲ್ಲಿ, ಈಜು ಬಾರದ ಈ ಮನುಷ್ಯ, ತುಂಗಭದ್ರೆಯ ನಡುವೆ ಗಂಟೆಗಟ್ಟಲೆ ಕೂರುತ್ತಿದ್ದ. ಹಕ್ಕಿ ಕಂಡರೆ ಕೆಳಗೆ ಹೊಳೆ ಇರುವುದೇ ಅವನಿಗೆ ಮರೆತುಹೋಗುತ್ತಿತ್ತು.

ಅವತ್ತೂ ಹಾಗೇ ಆಯಿತು. ಕಪ್ಪು ಬಿಳಿ ಮಿಂಚುಳ್ಳಿಯೊಂದು ಆಚೆ ದಡದ ಕಡೆ ನೀರಿನ ಮೇಲೆ ರೆಕ್ಕೆ ಬಡಿಯುತ್ತ ನಿಂತಿತ್ತು.

"ಆ ಕಡೆ ಬ್ಯಾಡ್ರಿ ಸಾವ್ಕಾರ್ರೆ. ಅಲ್ಲಿ ಮಂದಿ ಅದಾರೆ" ಎಂದ ಮಲ್ಲೇಶಪ್ಪ.

"ಒಂದೇ ನಿಮಿಷ ಮಲ್ಲೇಶಣ್ಣ. ಹಕ್ಕಿ ಹೋಗಿಬಿಡ್ತದೆ."

ಮಲ್ಲೇಶಪ್ಪ ಆ ಕಡೆಗೇ ಹುಟ್ಟು ಹಾಕಿದ. ಮಿಂಚುಳ್ಳಿ ಮುಳುಗಿ ಎದ್ದಾಗ ಕೊಕ್ಕಿನಲ್ಲಿ ಮೀನು. ಬಕ್ಕೇಶನಿಗೆ ಜನ್ಮದಲ್ಲಿ ಅಂಥ ಫೋಟೊ ಸಿಕ್ಕಿರಲಿಲ್ಲ.

ಸಂಜೆ ಹಕ್ಕಿಯಷ್ಟನ್ನೇ ಕತ್ತರಿಸಿ ವಾಟ್ಸಾಪಿನ ಹಕ್ಕಿ ಬಳಗಕ್ಕೆ ಹಾಕಿದ. ಹೊಗಳಿಕೆಯ ಸುರಿಮಳೆ. ಆದರೆ ಬಳಗದ್ದೊಂದು ಕಟ್ಟುನಿಟ್ಟು ಇತ್ತು. ಹಿಂದೆ ಯಾರೋ ಪುಣ್ಯಾತ್ಮ ಬೇರೆ ಕಡೆಯ ಚಂದ್ರನನ್ನು ತಂದು ಗೂಬೆಯ ಹಿಂದೆ ಅಂಟಿಸಿ ಸಿಕ್ಕಿಬಿದ್ದಿದ್ದ. ಅಲ್ಲಿಂದೀಚೆಗೆ ವಾರದ ಫೋಟೊ ಎಂದು ಆಯ್ಕೆಯಾಗಬೇಕಾದರೆ ಕತ್ತರಿಸದ ಪೂರ್ತಿ ಫೋಟೊವನ್ನು ಎಲ್ಲರ ಮುಂದೆ ಇಡಬೇಕು. ಬಳಗ ನಡೆಸುವ ವಿದ್ಯಾನಗರದ ಯೋಗರಾಜ್ ಮೇಷ್ಟ್ರು ಕೇಳಿದರು, ಬಕ್ಕೇಶ್ ಹಾಕಿದ. ಮೂಲೆಯಲ್ಲಿ ಯಾವಾಗಿನಂತೆ ತನ್ನ ಹೆಸರು, ಊರು. ಬಳಗದವರೆಲ್ಲ ದೊಡ್ಡದು ಮಾಡಿ ಮಾಡಿ ನೋಡಿದರು. ಹಕ್ಕಿಯ ಪುಕ್ಕ ನೋಡಿದರು, ಮೀನಿನ ಹುರುಪೆ ನೋಡಿದರು. ಹಕ್ಕಿ ಬಿಟ್ಟು ಬೇರೇನನ್ನೂ ಒಬ್ಬರೂ ನೋಡಲಿಲ್ಲ.

ನೋಡಿದ್ದು ಲಕ್ಷ್ಮೀದೇವಿ. ಎರಡು ದಿನ ಬಿಟ್ಟು ತಿಂಡಿ ಹೊತ್ತಿನಲ್ಲಿ ಗಂಡನ ಮೊಬೈಲು ಹಿಡಿದವಳು, "ರೀ, ಈ ಟ್ರ್ಯಾಕ್ಟರ್ ಯಾರ್ದು?" ಎಂದಳು.

ಫೋಟೊದ ಎಡಗಡೆ, ದಡದಲ್ಲಿ, ಹೊಳೆಯ ಮರಳು ತುಂಬುತ್ತಿದ್ದ ಟ್ರ್ಯಾಕ್ಟರ್. ದುಬಾರಿ ಲೆನ್ಸು ತನ್ನ ಕೆಲಸ ತಾನು ಮಾಡಿತ್ತು. ನಂಬರ್ ಓದುವ ಹಾಗಿತ್ತು, ಪಕ್ಕದಲ್ಲಿ ನಿಂತವನ ಮುಖ ಗುರುತು ಹಿಡಿಯುವ ಹಾಗಿತ್ತು. ಕದ್ದು ಮರಳು ಎತ್ತುವವರ ಸುದ್ದಿಗೆ ಹರಿಹರದಲ್ಲಿ ಯಾರೂ ಹೋಗುವುದಿಲ್ಲ. ಬಕ್ಕೇಶ್ ಉಪ್ಪಿಟ್ಟಿನ ತಟ್ಟೆ ತಳ್ಳಿ ಎದ್ದ. ಮೇಷ್ಟ್ರಿಗೆ ಫೋನ್ ಮಾಡಿ ಅಳಿಸಿಸಿದ. ಅಷ್ಟರಲ್ಲಿ ಅದು ಯಾರ್ಯಾರ ಮೊಬೈಲಿಗೆ ಹಾರಿತ್ತೋ ದೇವರಿಗೇ ಗೊತ್ತು.

ಮಾರನೇ ದಿನ ಪೇಪರಿನಲ್ಲಿ ಟ್ರ್ಯಾಕ್ಟರ್ ಜಪ್ತಿಯಾದ ಸುದ್ದಿ ಬಂತು. ಜೊತೆಗೆ ಅದೇ ಫೋಟೊ. ಪೇಪರಿನವರು ಹಕ್ಕಿಯನ್ನು ಕತ್ತರಿಸಿ ಎಸೆದು ಮೂಲೆಯನ್ನಷ್ಟೇ ದೊಡ್ಡದು ಮಾಡಿದ್ದರು. ಟ್ರ್ಯಾಕ್ಟರ್, ಕೆಳಗೆ ತೆಪ್ಪದ ಅಂಚು, ಅದರ ಮೇಲೆ ಅವನು ಹಾಕಿದ್ದ ಹೆಸರು: ಬಕ್ಕೇಶ್, ದಾವಣಗೆರೆ.

ಮಧ್ಯಾಹ್ನ ಅಂಗಡಿಗೆ ಫೋನ್ ಬಂತು. ಗೊತ್ತಿಲ್ಲದ ನಂಬರು. ಎಷ್ಟು ಸಲ ನಿಂತರೂ ಮತ್ತೆ ಮತ್ತೆ ಬಂತು. ಕೊನೆಗೆ ಎತ್ತಿದ.

"ಹಕ್ಕಿ ಬಾಳ ಚೆಂದ ಐತ್ರಿ" ಎಂದಿತು ಮೆತ್ತನೆಯ ದನಿ. "ತೆಪ್ಪ ಯಾರ್ದು?"

ಬಕ್ಕೇಶ್ ಫೋನ್ ಕಟ್ ಮಾಡಿದ. ತನ್ನ ಹೆಸರು ಮರಳಿನವರಿಗೆ ಗೊತ್ತು, ಅಂಗಡಿ ಗೊತ್ತು. ಆದರೂ ಅವರಿಗೆ ಬೇಕಾದದ್ದು ತಾನಲ್ಲ. ಹೊಳೆಯಲ್ಲೇ ಇದ್ದು, ಬೇಕಂತಲೇ ಕ್ಯಾಮೆರಾದವನನ್ನು ಕರೆತಂದು ಹಿಡಿಸಿಕೊಟ್ಟ ಎಂದು ಅವರು ಅಂದುಕೊಂಡಿರುವ ಮನುಷ್ಯ ಬೇಕು. ಮಲ್ಲೇಶಪ್ಪನ ಮೊಬೈಲಿಗೆ ಹಚ್ಚಿದರೆ ಸ್ವಿಚ್ ಆಫ್. ಅಂಗಡಿಯ ಷಟರ್ ಎಳೆದು ಹರಿಹರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ವಾಪಸು ಹೋಗಿಬಿಡೋಣ ಎನ್ನಿಸುತ್ತಲೇ ಇತ್ತು. ಪ್ರತಿ ಸ್ಟಾಪಿನಲ್ಲೂ ಸೀಟಿನಿಂದ ಅರ್ಧ ಎದ್ದು ಮತ್ತೆ ಕೂತ.

ಹೊಳೆದಂಡೆಗೆ ಬಂದಾಗ ಅವರು ಆಗಲೇ ಬಂದಿದ್ದರು. ಬಿಳಿ ಅಂಗಿಯವನೊಬ್ಬ, ಅವನ ಹಿಂದೆ ಇಬ್ಬರು. ಒಂದೇ ಥರದ ನಾಲ್ಕೈದು ತೆಪ್ಪ ನೀರಂಚಿನಲ್ಲಿ ಸಾಲಾಗಿದ್ದವು. ಫೋಟೊದ ತೆಪ್ಪ ಯಾರದೆಂದು ಮೀನು ಹಿಡಿಯುವವರು ಯಾರೂ ಬಾಯಿ ಬಿಟ್ಟಿರಲಿಲ್ಲ. ಮಲ್ಲೇಶಪ್ಪ ತಲೆ ತಗ್ಗಿಸಿ ಬಲೆ ಬಿಡಿಸುತ್ತಿದ್ದ.

"ನೀವೇನಾ ಹಕ್ಕಿ ಸಾವ್ಕಾರ್ರು? ಬರ್ರಿ" ಎಂದ ಬಿಳಿ ಅಂಗಿಯವನು. ಫೋನಿನ ಅದೇ ಮೆತ್ತನೆಯ ದನಿ. "ನಿಮ್ ಮ್ಯಾಲೆ ನಮಗೇನೂ ಸಿಟ್ಟಿಲ್ಲ. ಕರ್ಕಂಡು ಹೋದೋನು ಯಾರು, ಅಷ್ಟು ಹೇಳಿ ಹೋಗ್ರಿ."

ಬಕ್ಕೇಶನಿಗೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುವಷ್ಟು ಭಯವಾಯಿತು. ಮಲ್ಲೇಶಪ್ಪನ ಕಡೆ ಕಣ್ಣು ಹೋಗದಂತೆ ಹೊಳೆಯನ್ನೇ ನೋಡಿದ.

"ಯಾರೂ ಇಲ್ರಿ. ನಾನೇ ಹುಟ್ಟು ಹಾಕ್ಕಂಡು ಹೋಗಿದ್ದೆ."

"ಹಂಗಾ. ಹಾಕಿ ತೋರ್ಸ್ರಿ ಮತ್ತೆ."

ಹುಟ್ಟನ್ನು ಅವನು ಯಾವತ್ತೂ ಮುಟ್ಟಿರಲಿಲ್ಲ. ಹತ್ತಿರದ ತೆಪ್ಪಕ್ಕೆ ಹತ್ತಿದ. ಬಿಳಿ ಅಂಗಿಯವನ ಹಿಂದಿದ್ದವರಲ್ಲೊಬ್ಬ ಅದನ್ನು ಕಾಲಿನಿಂದ ಜೋರಾಗಿ ನೂಕಿದ. ಬಕ್ಕೇಶ್ ಎಡಕ್ಕೆ ಎಳೆದ, ಬಲಕ್ಕೆ ಎಳೆದ. ತೆಪ್ಪ ನಿಂತಲ್ಲೇ ಗಿರಗಿರ ಸುತ್ತತೊಡಗಿತು. ದಡ, ಸೇತುವೆ, ಬಿಳಿ ಅಂಗಿ, ಮತ್ತೆ ದಡ. ದಡದಲ್ಲಿ ಯಾರೋ ನಕ್ಕರು. ಸುತ್ತುತ್ತ ಸುತ್ತುತ್ತ ತೆಪ್ಪ ಸೆಳವಿಗೆ ಸಿಕ್ಕಿತು. ಹುಟ್ಟು ಕೈತಪ್ಪಿ ತೇಲಿಹೋಯಿತು, ಒಳಗೆ ನೀರು ನುಗ್ಗಿತು. ಈಗ ಯಾರೂ ನಗುತ್ತಿರಲಿಲ್ಲ.

ಇನ್ನೊಂದು ಸುತ್ತಿನಲ್ಲಿ ದಡ ಕಂಡಾಗ ಮಲ್ಲೇಶಪ್ಪ ಬಲೆ ಬಿಸಾಕಿ ಅಂಗಿ ಬಿಚ್ಚುತ್ತಿದ್ದ.

"ಬರಬ್ಯಾಡ" ಎಂದು ಕಿರುಚಿದ ಬಕ್ಕೇಶ್. ಹುಟ್ಟಿದಾಗಿನಿಂದ ಅವನು ಅಷ್ಟು ಜೋರಾಗಿ ಮಾತಾಡಿರಲಿಲ್ಲ. "ಬರಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ, ಬರಬ್ಯಾಡ ಮಲ್ಲೇಶಣ್ಣ."

ಬಾಯಿಂದ ಹೆಸರು ಹೊರಬಿದ್ದ ಮೇಲೆ ಅವನಿಗೆ ತಾನೇನು ಹೇಳಿಬಿಟ್ಟೆನೆಂದು ತಿಳಿಯಿತು.

ಮಲ್ಲೇಶಪ್ಪ ಈಜಿ ಬಂದು ತೆಪ್ಪದ ಅಂಚು ಹಿಡಿದ. ಹತ್ತಿ, ಏದುಸಿರು ಬಿಡುತ್ತ, ಬರಿಗೈಯಲ್ಲೇ ನೀರು ಸರಿಸುತ್ತ ದಡದ ಕಡೆ ತಿರುಗಿಸಿದ.

"ಆ ಕಡೆ ದಂಡಿಗೆ ಹೋಗಣ" ಎಂದ ಬಕ್ಕೇಶ್ ಅಳುತ್ತ.

"ಮನಿ ಈ ಕಡೆ ಐತಲ್ರಿ" ಎಂದ ಮಲ್ಲೇಶಪ್ಪ. "ಹೆಂಡ್ತಿ ದುರುಗವ್ವ ಒಬ್ಬಾಕೆ ಅದಾಳೆ."

ದಡ ಹತ್ತಿರವಾಗುತ್ತಿತ್ತು. ಬಿಳಿ ಅಂಗಿಯವನು ಮೊಬೈಲು ತೆಗೆದು ಇಬ್ಬರ ಕಡೆ ಹಿಡಿದ. ಎಲ್ಲಿಂದ ಹಿಡಿದರೆ ಏನು ಕಾಣುತ್ತದೆ, ಏನು ಮರೆಯಾಗುತ್ತದೆ ಎನ್ನುವುದು ಬಕ್ಕೇಶನಿಗೆ ಚೆನ್ನಾಗಿ ಗೊತ್ತಿತ್ತು. ನೀರು ತುಂಬಿದ ತೆಪ್ಪದಲ್ಲಿ ಮೊಣಕಾಲೂರಿ ಸರಿದು, ಮಲ್ಲೇಶಪ್ಪನಿಗೆ ಪೂರ್ತಿ ಅಡ್ಡವಾಗಿ, ಮೊಬೈಲಿಗೆ ಎದುರಾಗಿ ಕೂತ. ಕಣ್ಣು ಮುಚ್ಚಲಿಲ್ಲ. ಮೈ ಮಾತ್ರ ನಡುಗುತ್ತಲೇ ಇತ್ತು, ಆ ನಡುಕಕ್ಕೆ ತೆಪ್ಪವೂ ಅಲುಗುತ್ತಿತ್ತು.