ಯಂತ್ರವನ್ನಷ್ಟೇ ಕೇಳಿದವರು

ನಮ್ಮ ಸಾಹೇಬರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಅದೊಂದೇ ಬೆರಳಿನಿಂದ ಕೀಬೋರ್ಡನ್ನು ಟಕಟಕ ಕುಟ್ಟುತ್ತಿದ್ದರು. ಆ ಉಗುರು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಸನತ್‌ನಗರದ ಆ ಸಣ್ಣ ಕಾರ್ಖಾನೆಯಲ್ಲಿ ಸ್ಪೀಕರು, ಹೆಡ್‌ಫೋನು ತಯಾರಾಗುತ್ತಿದ್ದವು. ಸಾಹೇಬರು ಪರೀಕ್ಷಾ ವಿಭಾಗದ ಮುಖ್ಯಸ್ಥರು. ಯಾದಗಿರಿ ಕಡೆಯಿಂದ ಬಂದ ನನಗೆ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು ಸದ್ದು ಸರಿಯಿದೆಯೇ ಎಂದು ಹೇಳುವ ಕೆಲಸ. ಸದ್ದು ಕೊಟ್ಟು ಅಳೆಯುವ ಯಂತ್ರ ಕೆಳಗೆ ನನ್ನ ಮೇಜಿನ ಮೇಲಿತ್ತು. ಅದನ್ನು ನಡೆಸುವವರು ಮೇಲ್ಮಹಡಿಯಲ್ಲೋ ಮನೆಯಲ್ಲೋ ಕೂತು ಕಂಪ್ಯೂಟರಿನಲ್ಲಿ ಆಜ್ಞೆ ಟೈಪು ಮಾಡುತ್ತಿದ್ದರು. ಇಂಥ ಸ್ವರ ಕೊಡು, ಇಷ್ಟು ಜೋರು ಮಾಡು, ಬಂದ್ ಮಾಡು ಎಂದು ಒಂದೊಂದಕ್ಕೂ ಒಂದೊಂದು ಸಾಲು. ಅದೇ ಸಾಲಿಗೆ ಪ್ರಶ್ನೆಯ ಗುರುತು ಹಚ್ಚಿ ಕಳಿಸಿದರೆ, ತಾನೀಗ ಎಷ್ಟು ಜೋರಿನಲ್ಲಿದ್ದೇನೆಂದು ಯಂತ್ರವೇ ಉತ್ತರ ಕೊಡುತ್ತಿತ್ತು. ಹಾಗೆ ತಿರುಗಿ ಕೇಳದೆ ಮುಂದೆ ಹೋದವರ ಮಾನವನ್ನು ಸಾಹೇಬರು ಎಲ್ಲರೆದುರು ಕಳೆಯುತ್ತಿದ್ದರು.

"ಹೇಳಿ ಸುಮ್ಮನಾಗಬ್ಯಾಡ್ರಲೇ. ಹೊಳ್ಳಿ ಕೇಳ್ರಿ."

ಮನುಷ್ಯರನ್ನು ಮಾತ್ರ ಅವರು ಏನೂ ಕೇಳುತ್ತಿರಲಿಲ್ಲ. ರಜೆ ಬೇಕೆಂದರೆ ಯಾಕೆಂದು ಕೇಳದೆಯೇ ಇಲ್ಲ ಅನ್ನುತ್ತಿದ್ದರು. ನನ್ನ ಊಟದ ಡಬ್ಬಿಗೆ ಕೈ ಹಾಕಿ, ರೊಟ್ಟಿಗೆಂದು ತಂದ ಶೇಂಗಾ ಹಿಂಡಿ ತಿಂದು, ಖಾರ ಕಮ್ಮಿ ಎಂದು ಮುಖ ಸಿಂಡರಿಸಿ ಹೋಗುತ್ತಿದ್ದರು. ಕೆಲಸಗಾರರ ಜೊತೆ ತೆಲುಗು, ಮಾಲೀಕರ ಜೊತೆ ಹಿಂದಿ. ಬೈಯಲಿಕ್ಕೆ ಮಾತ್ರ ಕನ್ನಡ.

ಒಂದು ದಿನ ಮಾಲು ಹೋಗುವ ಅವಸರದಲ್ಲಿ ಅವರೇ ದಿಲ್‌ಸುಖ್‌ನಗರದ ಮನೆಯಿಂದ ಯಂತ್ರ ನಡೆಸುತ್ತಿದ್ದರು. ಬೆಳಿಗ್ಗೆ ದೊಡ್ಡ ಸ್ಪೀಕರಿನ ಪರೀಕ್ಷೆ ಆಗಿತ್ತು. ಅದಕ್ಕೆ ಇಟ್ಟಿದ್ದ ಜೋರು ಯಂತ್ರದಲ್ಲಿ ಹಾಗೇ ಉಳಿದಿತ್ತು. ಹೆಡ್‌ಫೋನ್ ಹಾಕಿಕೋ ಎಂದು ಫೋನಿನಲ್ಲಿ ಹೇಳಿದವರೂ ಅವರೇ. ಯಂತ್ರವನ್ನು ಕೇಳಿ ನೋಡದೆ ಎಡಭಾಗಕ್ಕೆ ಸದ್ದು ಬಿಟ್ಟರು. ನನ್ನ ಕಿವಿಯೊಳಗೆ ಕಾದ ಸೂಜಿ ಇಳಿದ ಹಾಗಾಯಿತು.

ಎಡಗಿವಿ ಮತ್ತೆ ಸರಿಹೋಗುವುದಿಲ್ಲ ಎಂದರು ಡಾಕ್ಟರು. ಮಾಲೀಕರು ವಿಚಾರಿಸಿದಾಗ ಸಾಹೇಬರು ಕಣ್ಣು ಮಿಟುಕಿಸದೆ, ತಾವು ಹೇಳುವ ಮೊದಲೇ ಇವಳು ಅದನ್ನು ಕಿವಿಗೆ ಹಾಕಿಕೊಂಡಿದ್ದಳು ಎಂದುಬಿಟ್ಟರು. ಅವರ ಮಾತು ನಡೆಯಿತು. ಒಂದೇ ಕಿವಿಯವಳನ್ನು ಇಟ್ಟುಕೊಂಡು ಏನು ಮಾಡುವುದೆಂದು ಮಾಲೀಕರು ನನ್ನನ್ನು ಕೆಲಸ ಬಿಡಿಸಲು ಹೊರಟರು. ಆಗ ಇದೇ ಮನುಷ್ಯ, ಇವಳು ಮೇಲ್ಮಹಡಿಯಲ್ಲಿ ನನ್ನ ಕೈಕೆಳಗೆ ಇರಲಿ, ಟೈಪು ಮಾಡುವುದನ್ನು ಕಲಿಸುತ್ತೇನೆ ಎಂದರು. ನನ್ನ ಬಾಯಿ ಮುಚ್ಚಿಸಲಿಕ್ಕೇ ಹಾಗೆ ಮಾಡಿದರೆಂದು ಅಂದೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಕಲಿಸಿದರು, ಚೆನ್ನಾಗಿಯೇ ಕಲಿಸಿದರು. ಇವತ್ತು ತಾರ್ನಾಕದ ಬಾಡಿಗೆ ಮನೆಯಲ್ಲಿ ಕೂತು ಅದೇ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದೇನೆ. ಕಲಿಸುವಾಗ ಸದಾ ನನ್ನ ಬಲಕ್ಕೇ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಎಡಗಿವಿ ಕೇಳುವುದಿಲ್ಲವೆಂದು ಅವರಿಗೆ ಚೆನ್ನಾಗಿ ನೆನಪಿತ್ತು ಅಂತಾಯಿತಲ್ಲ! ಕಿವಿ ಹೇಗಿದೆ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಅವರು ಹಾಸಿಗೆ ಹಿಡಿದಾಗ ಅವರ ಹೆಂಡತಿ ಫೋನು ಮಾಡಿ, ನಿನ್ನನ್ನು ಕಾಣಬೇಕಂತೆ ಎಂದರು. ಮೆಟ್ರೋ ಹತ್ತಿ ಹೋದೆ. ಆ ತಾಯಿ ನನಗೆ ಹಾಕಿಕೊಟ್ಟ ಕುರ್ಚಿಯನ್ನು ನಾನೇ ಮಂಚದ ಆಚೆ ಬದಿಗೆ ಒಯ್ದು, ಎಡಗಿವಿ ಅವರ ಕಡೆಗಿರುವಂತೆ ಕೂತೆ. ಬೇಕೆಂತಲೇ ಕೂತೆ. ಸಾಹೇಬರು ಆ ಸೀಳುಗುರಿನ ಬೆರಳನ್ನು ನನ್ನ ಕೈಮೇಲಿಟ್ಟರು. ತುಟಿಗಳು ಅಲುಗಿದವು. ಸಣ್ಣ ದನಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ಹೇಳಿ ಮುಗಿಸಿ ನನ್ನ ಮುಖ ನೋಡಿದರು.

ಬಾಗಿಲ ತನಕ ಬಂದ ಹೆಂಡತಿ ಮೆಲ್ಲಗೆ ವಿಚಾರಿಸಿದರು. "ಏನಂದ್ರವಾ?"

"ನನಗ ಕೇಳಿಸಲಿಲ್ರೀ."

"ಹೊಳ್ಳಿ ಕೇಳಬೇಕಿಲ್ಲೇನವಾ?"

ನಾನು ಚಪ್ಪಲಿ ಮೆಟ್ಟಿಕೊಂಡೆ. ಆ ವಾರದಲ್ಲೇ ಸಾಹೇಬರು ತೀರಿಹೋದರು. ಈಗಲೂ ನಾನು ಪ್ರತಿ ಆಜ್ಞೆಯ ಹಿಂದೆಯೇ ಪ್ರಶ್ನೆಯ ಗುರುತು ಹಚ್ಚಿ ಇನ್ನೊಂದು ಸಾಲು ಕಳಿಸಿ, ಯಂತ್ರವನ್ನು ಹೊಳ್ಳಿ ಕೇಳುತ್ತೇನೆ. ಅವರನ್ನು ಕೇಳಲಿಲ್ಲ.